ಅಮ್ಮ ತಟ್ಟುವ ದೋಣಿ

ದೋಣಿಕಟ್ಟೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನ ಎಂಜಿನ್ ಕೋಣೆಯಲ್ಲಿ ಬಗ್ಗಿ ಕೆಲಸ ಮಾಡುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳುತ್ತೀಯೋ ಇಲ್ಲವೋ ಎಂದು ಅಮ್ಮ ಊಟಕ್ಕೆ ಕೂತಾಗಲೆಲ್ಲ ನನ್ನನ್ನು ವಿಚಾರಿಸುತ್ತಾಳೆ, ಕಟ್ಟಿಕೊಳ್ಳಬೇಕಾದವಳು ನಾನೇ ಎಂಬಂತೆ. ನಾನು ಎಂ.ಎ. ಪಾಸಾದೆ. ಕೆಲಸದ ಸಂದರ್ಶನಗಳಲ್ಲಿ ಬಾಯಿ ಬಿಡುವುದೇ ಕಷ್ಟವಾಗುತ್ತಿದೆ. ಅದು ನಿನಗೆ ಹೊಸ ಸುದ್ದಿಯಲ್ಲ.

ಕೊನೆಗೂ ದೋಣಿ ಕೊಂಡೆವು. 'ರಿಟೈರ್ ಆದ ಬಸ್ ಡ್ರೈವರ್‌ಗೆ ಸಮುದ್ರದಲ್ಲಿ ಏನು ಕೆಲಸ' ಎಂದು ನೀನು ಫೋನಿನಲ್ಲಿ ರೇಗಿದ ಮೇಲೂ ಅಪ್ಪ ಅಮ್ಮನನ್ನೂ ನನ್ನನ್ನೂ ದೋಣಿ ನೋಡಲು ಹೊರಡಿಸಿದರು. ಮೊದಲು ನೋಡಿದ ದೋಣಿ ಉದ್ದ, ನೀಳ, ಬಲು ಚೆಂದ. ಆದರೆ ಒಳಗೆ ಅಪ್ಪ ನೆಟ್ಟಗೆ ನಿಲ್ಲುವಂತಿರಲಿಲ್ಲ. ಎರಡನೆಯದರ ನೆಲಹಲಗೆಯನ್ನು ಅಮ್ಮ ಹಿಮ್ಮಡಿಯಿಂದ ಒತ್ತಿದಳು, ಅದು ನೆನೆದ ಬ್ರೆಡ್ಡಿನ ಹಾಗೆ ಕುಸಿಯಿತು. ಮೂರನೆಯದು ಒಬ್ಬ ಹಲ್ಲಿನ ಡಾಕ್ಟರದು: ಗಿಡ್ಡ, ಹೊಟ್ಟೆ ಅಗಲ, ಬಿಳಿ ಬಣ್ಣ ಹಳದಿಗೆ ತಿರುಗಿದೆ. ಆದರೆ ಒಳಗೆ ತಲೆ ತಗುಲುವುದಿಲ್ಲ, ಇಬ್ಬರು ಕಾಲು ಚಾಚಿ ಮಲಗಬಹುದು, ಹಾಯಿಯನ್ನು ಕೂತಲ್ಲಿಂದಲೇ ಹಗ್ಗ ಎಳೆದು ಸುತ್ತಿಡಬಹುದು. 'ಬಾತ್‌ರೂಮಿಗೆ ಬಾಗಿಲಿಲ್ಲದ ಕಡೆ ನಾನು ಕಾಲಿಡಲ್ಲ ಕಣ್ರೀ' ಎಂದಿದ್ದ ಅಮ್ಮ ಆ ಪುಟ್ಟ ಬಾಗಿಲನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ನೋಡಿದಳು. 'ಇದು ಓಡೋ ದೋಣಿ ಅಲ್ಲ, ಕೂರೋ ದೋಣಿ' ಎಂದು ಡಾಕ್ಟರು ಮೊದಲೇ ಎಚ್ಚರಿಸಿದರು. 'ಓಡಿಸಿ ಓಡಿಸಿ ಸಾಕಾಗಿದೆ ಸಾರ್, ಕೂರೋಣ ಅಂತಲೇ ಬಂದಿದ್ದು' ಎಂದರು ಅಪ್ಪ.

ಮೊದಲ ದಿನ ನೀನು ಇರಬೇಕಿತ್ತು. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ತಿರುಗುತ್ತದೆ. ಜೀವಮಾನವೆಲ್ಲ ಸ್ಟಿಯರಿಂಗ್ ಹಿಡಿದ ಕೈ ಅದನ್ನು ಒಪ್ಪಲಿಲ್ಲ. ಕಟ್ಟೆಗೆ ನೇತುಹಾಕಿದ ಟೈರಿಗೆ ಹೋಗಿ ಗುದ್ದಿದೆವು. 'ರಸ್ತೆ ಮುಗೀತು, ಇಳೀರಿ' ಎಂದಳು ಅಮ್ಮ. ಅವಳೂ ಕಂಡಕ್ಟರ್ ಕೆಲಸ ಬಿಟ್ಟಿಲ್ಲ. ಅಪ್ಪ ಬಸ್ಸು ಹಿಂದೆ ತೆಗೆಯುವಾಗ ತಗಡು ತಟ್ಟುತ್ತಿದ್ದಳಲ್ಲ, ಹಾಗೆಯೇ ಈಗ ಎಡಗಡೆ ಕೂತು ಹುರುಳಿಕಾಯಿ ನಾರು ತೆಗೆಯುತ್ತ ಕ್ಯಾಬಿನ್ನಿನ ಗೋಡೆ ತಟ್ಟುತ್ತಾಳೆ. ಏನಾದರೂ ಅಡ್ಡ ಬಂದರೆ ಒಂದು ಸಲ, ದಾರಿ ತೆರವಾದರೆ ಎರಡು ಸಲ. ಅಪ್ಪ ತಿರುಗಿಯೂ ನೋಡುವುದಿಲ್ಲ, ದೋಣಿ ಮಾತ್ರ ಸರಿಯಾಗಿ ತಿರುಗುತ್ತದೆ. ಅವರಿಬ್ಬರೂ ಇಷ್ಟು ಸಂತೋಷವಾಗಿದ್ದನ್ನು ನಾನು ಈಚೆಗೆ ನೋಡಿರಲಿಲ್ಲ. ಬರುವ ತಿಂಗಳು ಇಬ್ಬರೇ ಆಚೆಯ ದ್ವೀಪಕ್ಕೆ ಹೋಗಿ, ದೋಣಿಯಲ್ಲೇ ತಂಗಿ ಬರುತ್ತಾರಂತೆ.

ಅಪ್ಪ ಅಮ್ಮನ ಆಶೀರ್ವಾದಗಳು ನಿನಗೆ. ಊಟ ತಪ್ಪಿಸಬೇಡ.

ನಿನ್ನ ತಂಗಿ,
ಗುಬ್ಬಿ

ಮರೆಯುವ ಮೊದಲು: ಮರೆತಿಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಬಲಗಡೆಯಿಂದ ಏನೇ ಬಂದರೂ ಅಮ್ಮ ಯಾವತ್ತೂ ತಟ್ಟುವುದಿಲ್ಲ ಅಣ್ಣಾ. ನಿನ್ನೆ ಅವಳು ಚಹಾ ಮಾಡಲು ಒಳಗೆ ಹೋಗಿದ್ದಾಗ ಎಡದಿಂದ ಮೀನಿನ ದೋಣಿಯೊಂದು ನೇರ ನಮ್ಮ ಮೇಲೆ ಬಂತು. ನಾನು ಕಿರುಚಿದೆ. ಅಪ್ಪ ಕಡೇ ಗಳಿಗೆಯಲ್ಲಿ ತಿರುಗಿಸಿ, 'ಯಾಕೆ ಕಿರುಚ್ತೀಯ, ನೋಡಿದ್ದೆ' ಎಂದರು. ಪಾತ್ರೆ ತೊಳೆಯುವಾಗ ಅಮ್ಮನನ್ನು ಕೇಳಿದೆ. 'ಅವರ ಎಡಗಣ್ಣು ಹೋಗಿದೆ ಕಣೇ. ಬಸ್ಸು ಬೇಗ ಬಿಟ್ಟಿದ್ದೂ ಅದಕ್ಕೇ. ಇನ್ನೊಂದೂ ಉಳಿಯಲ್ಲ ಅಂತ ಕಣ್ಣಿನ ಡಾಕ್ಟರು ಹೇಳಿದ್ದಾರೆ. ಕಾಣೋಷ್ಟು ದಿನ ಸಮುದ್ರ ನೋಡಲಿ ಬಿಡು. ನಿಮ್ಮಣ್ಣನಿಗೆ ಹೇಳ್ಬೇಡ, ಬಂದು ದೋಣಿ ಮಾರಿಸಿಬಿಡ್ತಾನೆ' ಎಂದಳು. ಆ ದ್ವೀಪದ ದಾರಿಯಲ್ಲಿ ಅಲೆ ದೊಡ್ಡದು, ಅಮ್ಮನಿಗೆ ಈಜು ಬರುವುದಿಲ್ಲ, ಅವಳೂ ಒಂದಿಷ್ಟು ನಿದ್ದೆ ಮಾಡಬೇಕಲ್ಲ. ನಾನೂ ಬರುತ್ತೇನೆಂದರೆ ಅಪ್ಪ ಒಪ್ಪುತ್ತಿಲ್ಲ. ನೀನು ಜೊತೆಗೆ ಬರುತ್ತೇನೆಂದರೆ ಒಪ್ಪುತ್ತಾರೆ, ನಿನಗಾಗಿ ಕಾಯುತ್ತಲೇ ಇದ್ದಾರೆ. ರಜೆ ಹಾಕು. ಕಣ್ಣಿನ ಮಾತು ಎತ್ತಬೇಡ. ಮಾರಿಸಲು ಬರುವುದಾದರೆ ಬರಲೇಬೇಡ. ಅವರ ಎಡಗಡೆ ಕೂರಲು ಬಾ.