ಒದ್ದೆ ತಲೆಗೆ ಮಾತ್ರ

ಬ್ಲ್ಯಾಕ್‌ಟೌನ್
೧೪ ಜುಲೈ ೨೦೨೪, ಭಾನುವಾರ

ನನ್ನ ಪುಟ್ಟಿ ಅನನ್ಯಾಗೆ,

ಅಮ್ಮನ ಮುದ್ದು. ನಾವಿಬ್ಬರೂ ಹೇಗೋ ಚೆನ್ನಾಗಿದ್ದೇವೆ. ಇಲ್ಲಿಯ ಜುಲೈ ಚಳಿಗೆ ಅಪ್ಪನ ಮಂಡಿನೋವು ಜಾಸ್ತಿಯಾಗಿದೆ, ಆದರೂ ಗೋಡೌನಿಗೆ ಹೋಗುವುದನ್ನು ತಪ್ಪಿಸಿಲ್ಲ. ಪಾರ್ಸೆಲ್ ಕಳಿಸುತ್ತೇನೆ ಎಂದು ಹೇಳಿ ಇಷ್ಟು ದಿನ ತಡ ಮಾಡಿದ್ದಕ್ಕೆ ಬೈಯಬೇಡ. ನರ್ಸಿಂಗ್ ಹೋಮ್‌ನಲ್ಲಿ ಇಬ್ಬರು ರಜೆ ಹಾಕಿದ್ದಾರೆ, ಅವರ ಶಿಫ್ಟೂ ನನ್ನ ತಲೆಗೇ ಬಂದಿದೆ. ಮನೆಗೆ ಬಂದರೆ ಶೂ ಬಿಚ್ಚುವುದಕ್ಕೂ ಬೇಸರ. ಹಾಗೇ ಸೋಫಾ ಮೇಲೆ ಕುಳಿತುಬಿಡುತ್ತೇನೆ, ಅಪ್ಪ ಟೀ ತಂದು ಕೈಗೆ ಕೊಡುತ್ತಾರೆ.

ನೀನು ಫೋನಿನಲ್ಲಿ ಅಂದದ್ದು ಮನಸ್ಸಿನಲ್ಲೇ ಇದೆ. "ಅಮ್ಮಾ, ಬಾಚಿದ್ರೆ ಕೂದಲು ತುಂಡುತುಂಡಾಗಿ ಕೈಗೆ ಬರ್ತಿದೆ. ಏನ್ ಹಚ್ಲಿ ಹೇಳು. ಇಪ್ಪತ್ತನೇ ತಾರೀಕು ಸ್ಟ್ರೇಟ್ ಮಾಡಿಸೋಕೆ ಬುಕ್ ಮಾಡಿದೀನಿ. ನಂಗೆ ಸಾಕಾಗಿಹೋಗಿದೆ." ಸಾಕಾಗಿದೆ ಎಂದು ಹೇಳುವಾಗ ನಿನ್ನ ಧ್ವನಿ ನನ್ನದರ ಹಾಗೆಯೇ ಇತ್ತು. ಐವತ್ತು ವರ್ಷ ಇದೇ ಸುರುಳಿ ಕೂದಲು ಹೊತ್ತುಕೊಂಡು ತಿರುಗಿದವಳು ನಾನು. ಆದರೆ ನನಗೆ ಗೊತ್ತಿದ್ದದ್ದು ಹುಬ್ಬಳ್ಳಿಯ ನರ್ಸಿಂಗ್ ಹಾಸ್ಟೆಲಿನ ವಿದ್ಯೆ. ಜೊತೆಯ ಹುಡುಗಿಯರು ಮಾಡಿದ್ದನ್ನೇ ನಾನೂ ಮಾಡಿದೆ: ಸೀಗೆಕಾಯಿ ಹಾಕಿ ತಿಕ್ಕುವುದು, ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಸುರಿಯುವುದು, ಸಣ್ಣ ಹಲ್ಲಿನ ಬಾಚಣಿಗೆಯಿಂದ ಎಳೆಯುವುದು. ಅವರ ಕೂದಲು ಮೊಣಕಾಲಿಗೆ ಬರುತ್ತಿತ್ತು, ನನ್ನದು ಬಾಚಣಿಗೆಗೆ ಬರುತ್ತಿತ್ತು. ವಾರ್ಡನ್ನಿಗೆ ತಲೆ ಚಪ್ಪಟೆಯಾಗಿ ಕಂಡರೆ ಸಾಕಿತ್ತು. ಬಿಗಿಯಾಗಿ ತುರುಬು ಕಟ್ಟಿ, ಪಿನ್ನು ಚುಚ್ಚಿ ಡ್ಯೂಟಿಗೆ ಹೋಗುತ್ತಿದ್ದೆ. ಇವತ್ತಿಗೂ ಹಾಗೇ ಹೋಗುತ್ತೇನೆ.

ಹಾಗಾಗಿ ಹೋದ ತಿಂಗಳ ಕೊನೆಯ ಭಾನುವಾರ ಹೊರಟೆ. ಮೊದಲು ನಮ್ಮ ಇಂಡಿಯನ್ ಅಂಗಡಿ. ಬದರಿನಾಥ ಅಂಕಲ್ ಇಡೀ ಸಾಲು ತೋರಿಸಿದರು. ಭೃಂಗರಾಜ, ನೆಲ್ಲಿಕಾಯಿ, ದಾಸವಾಳ, ಎಲ್ಲದರ ಮೇಲೂ ನೇರ ಕೂದಲಿನ ಹುಡುಗಿಯ ಚಿತ್ರ. "ಜಯಾ ಮೇಡಮ್, ಸುಳ್ಳು ಹೇಳಲ್ಲ, ನಿಮ್ಮ ಕೂದಲಿಗೆ ಆಗೋದು ನಮ್ಮಲ್ಲಿ ಯಾವ್ದೂ ಇಲ್ಲ. ನಾಲ್ಕಂಗಡಿ ಆಚೆ ಆಫ್ರಿಕನ್ ಶಾಪ್ ಇದೆಯಲ್ಲ, ಅಲ್ಲಿ ಕೇಳಿ" ಎಂದರು. ಆ ಅಂಗಡಿಯ ಮುಂದೆ ಎಷ್ಟು ವರ್ಷ ಓಡಾಡಿದ್ದೇನೆ! ಒಳಗೆ ಕಾಲಿಟ್ಟರೆ, ನಾವು ಆಫ್ರಿಕಾದವರೆಂದು ಜನ ಮೊದಲೇ ಅಂದುಕೊಂಡಿದ್ದು ನಿಜವಾಗುತ್ತದೆ ಎಂದು ಕತ್ತು ತಿರುಗಿಸಿಕೊಂಡು ಹೋಗುತ್ತಿದ್ದೆ. ಅದಕ್ಕೇ ಕೂದಲಿಗೆ ಬೇಕಾದದ್ದು ಪಕ್ಕದಲ್ಲೇ ಇದ್ದರೂ ನಮಗೆ ಸಿಗಲಿಲ್ಲ.

ಅಂಗಡಿಯಾಕೆ ನನ್ನನ್ನು ನೋಡಿದ ಕೂಡಲೇ "ಸಿಸ್ಟರ್, ಯಾವ ದೇಶ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಂಡಿಯಾ ಎಂದೆ. "ಅದಕ್ಕೂ ಮೊದಲು?" ಎಂದಳು. ಅದಕ್ಕೂ ಮೊದಲು ಇಂಡಿಯಾನೇ, ಯಲ್ಲಾಪುರ ಎಂದೆ. ನಾವು ಸಿದ್ದಿಗಳು, ನಮ್ಮ ಹಿರಿಯರು ಹಡಗಿನಲ್ಲಿ ಬಂದು ನೂರಾರು ವರ್ಷವಾಯಿತು, ಮನೆಮಾತು ಈಗ ಕನ್ನಡ ಎಂದೆಲ್ಲ ವಿವರಿಸುವ ತ್ರಾಣ ಇರಲಿಲ್ಲ. ಹೋದ ಹೋದ ಕಡೆಯೆಲ್ಲ ಇದನ್ನೇ ಹೇಳಿ ಹೇಳಿ ನಾಲಿಗೆ ಸವೆದಿದೆ. ಅವಳೂ ಒತ್ತಾಯಿಸಲಿಲ್ಲ. ಡಬ್ಬಿಗಳನ್ನು ಸಾಲಾಗಿ ಇಟ್ಟಳು. ಯಾವುದು ಒಳ್ಳೆಯದು ಎಂದರೆ "ನಂಗೊತ್ತಿಲ್ಲ ಡಾರ್ಲಿಂಗ್, ನಾನು ಹಾಕೋದು ವಿಗ್" ಎಂದು ತನ್ನ ತಲೆಯನ್ನು ಸ್ವಲ್ಪ ಸರಿಸಿ ತೋರಿಸಿದಳು. ತುಂಬ ದಿನದ ಮೇಲೆ ಬಾಯಿ ತುಂಬ ನಕ್ಕೆ.

ಕೊನೆಗೆ ನಾವಿಬ್ಬರೂ ಡಬ್ಬಿಗಳ ಹಿಂದಿನ ಸಣ್ಣ ಅಕ್ಷರ ಓದಿ ಓದಿ ಆರಿಸಿದೆವು. ನುರಿತವಳಂತೆ ಹೇಳುತ್ತೇನೆ, ಕೇಳು. ಶಾಂಪೂ ನೊರೆ ಕಡಿಮೆ ಬರುವಂಥದ್ದು. ಜಾಸ್ತಿ ನೊರೆ ಬಂದರೆ ನಮ್ಮ ಕೂದಲು ತೆಂಗಿನ ನಾರಾಗುತ್ತದೆ. ಕಂಡೀಶನರ್ ಧಾರಾಳವಾಗಿ ಹಾಕಿ, ಅದು ತಲೆಯಲ್ಲಿ ಇರುವಾಗಲೇ ದೊಡ್ಡ ಹಲ್ಲಿನ ಬಾಚಣಿಗೆಯಿಂದ ತುದಿಯಿಂದ ಶುರುಮಾಡಿ ಬಿಡಿಸಬೇಕು. ಒಣ ತಲೆ ಬಾಚಲೇಬೇಡ. ತೊಳೆದ ಮೇಲೂ ತೆಗೆಯದೆ ಬಿಡುವ ಕ್ರೀಮೊಂದಿದೆ, ಅದರ ಮೇಲೆ ಶಿಯಾ ಎಂಬ ಮರದ ಬೀಜದ ಬೆಣ್ಣೆ, ಕಡಲೆಕಾಳಿನಷ್ಟು ಸಾಕು. ಎಣ್ಣೆ, ಬೆಣ್ಣೆ ಏನಿದ್ದರೂ ನೀರಿನ ಪಸೆ ಇರುವಾಗ. ಒಣಗಿದ ಮೇಲೆ ಎಷ್ಟು ಸುರಿದರೂ ಮೇಲೇ ಕೂತಿರುತ್ತದೆ. ಮಲಗುವಾಗ ಸ್ಯಾಟಿನ್ ಟೋಪಿ ಹಾಕಿಕೋ, ಹತ್ತಿಯ ದಿಂಬು ಇದ್ದ ಪಸೆಯನ್ನೂ ಹೀರುತ್ತದೆಯಂತೆ.

ಎಲ್ಲವನ್ನೂ ನನ್ನ ತಲೆಯ ಮೇಲೇ ಪರೀಕ್ಷೆ ಮಾಡಿದೆ. ಕೂದಲು ಪಸೆ ಹೀರುತ್ತದೋ ಎಂದು ತಿಳಿಯಲು ಮೊದಲು ಒಂದು ಕೂದಲನ್ನು ನೀರಿಗೆ ಹಾಕಿ, ತೇಲುತ್ತೋ ಮುಳುಗುತ್ತೋ ನೋಡಬೇಕು ಎಂದು ಯಾವುದೋ ವಿಡಿಯೋದಲ್ಲಿ ಹೇಳಿದ್ದರು. ಲೋಟದಲ್ಲಿ ಹಾಕಿಟ್ಟು ಅತ್ತ ಹೋಗಿ ಬರುವಷ್ಟರಲ್ಲಿ ಅಪ್ಪ ಅದನ್ನು ಎತ್ತಿ ಕುಡಿಯಲು ಹೊರಟಿದ್ದರು. "ಎಂತ ಮಾರಾಯ್ತಿ ಇದು, ಔಷಧವೋ?" ಎಂದರು. ತೇಲಿತೋ ಮುಳುಗಿತೋ ಇವತ್ತಿಗೂ ಗೊತ್ತಿಲ್ಲ. ಆದರೆ ತಲೆ ತೊಳೆದು ಕ್ರೀಮ್ ಹಚ್ಚಿ, ತುರುಬು ಕಟ್ಟದೆ ಸುಮ್ಮನೆ ಬಿಟ್ಟೆ ನೋಡು. ಸುರುಳಿ ಸುರುಳಿಯಾಗಿ ಎದ್ದು ನಿಂತಿತು. ಅಪ್ಪ ಹತ್ತಿರ ಬಂದು ಒಂದು ಸುರುಳಿ ಎಳೆದು ಬಿಟ್ಟರು. "ನಿನ್ನವ್ವನ ತಲೆ ಹೀಗೇ ಇತ್ತು, ನೋಡು" ಎಂದರು. ನನಗೆ ಅಳು ಬಂತು.

ಪ್ರತಿ ಡಬ್ಬಿಯ ಮೇಲೂ ಯಾವಾಗ ಹಚ್ಚಬೇಕು ಎಂದು ಕನ್ನಡದಲ್ಲಿ ಬರೆದು ಅಂಟಿಸಿದ್ದೇನೆ. 'ಒದ್ದೆ ತಲೆಗೆ ಮಾತ್ರ.' 'ತೊಳೆಯಬೇಡ, ಹಾಗೇ ಬಿಡು.' ನಾಲ್ಕನೇ ಕ್ಲಾಸಿನವರೆಗೆ ಊರಿನ ಶಾಲೆಯಲ್ಲಿ ಕಲಿತದ್ದನ್ನು ನೀನು ಮರೆತಿರಲಾರೆ. ಬೆಣ್ಣೆಯ ಡಬ್ಬಿಯ ಚೀಟಿ ಸ್ವಲ್ಪ ಹರಿದಿದೆ, ಏನೂ ಅಂದುಕೊಳ್ಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಫ್ರೀವೇಯಲ್ಲಿ ನಿಧಾನ ಓಡಿಸು. ನಿನ್ನ ತಲೆ ತಂಪಾಗಿರಲಿ ಮಗಳೇ, ಯಾರ ಮುಂದೆಯೂ ತಗ್ಗದಿರಲಿ.

ನಿನ್ನ ಅಮ್ಮ,
ಜಯಾ

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ತಡವಾದದ್ದು ಶಿಫ್ಟಿನಿಂದಲ್ಲ. ಹೋದ ಭಾನುವಾರವೇ ಪಾರ್ಸೆಲ್ ಕಟ್ಟಿ, ಹೇಳೋಣವೆಂದು ನಿನಗೆ ಫೋನ್ ಮಾಡಿದ್ದೆ. ನಿನ್ನ ಮನೆಯಲ್ಲಿರುವ ಪ್ರಾರ್ಥನಾ ಎತ್ತಿಕೊಂಡಳು. "ಆನಾ ಸ್ನಾನಕ್ಕೆ ಹೋಗಿದ್ದಾಳೆ ಆಂಟಿ, ಒಂದ್ನಿಮಿಷ" ಎಂದು ಇಂಗ್ಲಿಷಿನಲ್ಲಿ ಮರ್ಯಾದೆಯಿಂದಲೇ ಹೇಳಿದಳು. ಅಲ್ಲಿ ನಿನ್ನನ್ನು ಕರೆಯುವುದು ಆನಾ ಎಂದು. ಆಮೇಲೆ ಪಕ್ಕದಲ್ಲಿದ್ದವಳಿಗೆ ನಮ್ಮ ಭಾಷೆಯಲ್ಲೇ, "ಆ ಪೊದೆ ತಲೆಯವಳ ಅಮ್ಮ ಕಣೇ. ಒಂದ್ಗಂಟೆ ಆಯ್ತು ಒಳಗ್ಹೋಗಿ, ಇವತ್ತೂ ಡ್ರೈನ್ ಕಟ್ಕೊಳತ್ತೆ ನೋಡು" ಎಂದಳು. "ಮೆಲ್ಲಗೆ ಕಣೇ, ಕೇಳಿಸತ್ತೆ" ಎಂದಳು ಇನ್ನೊಬ್ಬಳು. "ಕೇಳಿಸ್ಲಿ ಬಿಡು. ಅವಳ ಎದುರಿಗೇ ಅಂತೀವಿ, ಇವರಿಗೇನ್ ಕನ್ನಡ ಬರತ್ತಾ?"

ಎರಡು ವರ್ಷ, ಪುಟ್ಟಿ. ಎರಡು ವರ್ಷ ಆ ಹುಡುಗಿಯರ ಜೊತೆ ಒಂದೇ ಅಡುಗೆಮನೆಯಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡು, ಏನೂ ಅರ್ಥವಾಗದವಳ ಹಾಗೆ ಉಣ್ಣುತ್ತಿದ್ದೀಯಾ? ನಿನಗೆ ಜ್ವರ ಬಂದಾಗ ಗಂಜಿ ಮಾಡಿಕೊಟ್ಟವಳೂ ಇದೇ ಪ್ರಾರ್ಥನಾ ಎಂದು ನೀನೇ ಹೇಳಿದ್ದೆ. ಕೆಟ್ಟವಳಲ್ಲ, ಗೊತ್ತು. ಅದಕ್ಕೇ ಇನ್ನೂ ಸಂಕಟ.

ಆ ದಿನ ಚೀಟಿಗಳನ್ನೆಲ್ಲ ಕಿತ್ತು ಇಂಗ್ಲಿಷಿನಲ್ಲಿ ಬರೆಯಲು ಕುಳಿತೆ. ಒಂದನ್ನು ಅರ್ಧ ಕಿತ್ತೆ, ಮುಂದೆ ಕೈ ಬರಲಿಲ್ಲ. ಸ್ಟ್ರೇಟ್ ಮಾಡಿಸುವುದು ಬಿಡುವುದು ನಿನಗೆ ಸೇರಿದ್ದು, ನಾನು ಬೇಡ ಎನ್ನುವುದಿಲ್ಲ. ಆದರೆ ಎಲ್ಲರ ಶಾಂಪೂ ಇಡುವ ಶೆಲ್ಫೊಂದು ಬಾತ್‌ರೂಮಿನಲ್ಲಿ ಇದೆ ಎಂದಿದ್ದೆಯಲ್ಲ. ಈ ಡಬ್ಬಿಗಳನ್ನು ಅಲ್ಲೇ ಇಡು, ಚೀಟಿ ಮುಂದಕ್ಕೆ ಕಾಣುವ ಹಾಗೆ. ಆಗದಿದ್ದರೆ ಕಿತ್ತುಹಾಕು, ನಾನು ಕೇಳುವುದಿಲ್ಲ. ಕೇಳುವ ಬಾಯಿ ನನಗೂ ಇಲ್ಲ. ಆವತ್ತು ಪ್ರಾರ್ಥನಾ ಮತ್ತೆ ಫೋನಿಗೆ ಬಂದಾಗ ನಾನೂ "ಥ್ಯಾಂಕ್ ಯೂ ಡಿಯರ್, ಐ ವಿಲ್ ಕಾಲ್ ಲೇಟರ್" ಎಂದೇ ಹೇಳಿ ಇಟ್ಟುಬಿಟ್ಟೆ.