ಕೋಲಿನ ಎದೆಮಟ್ಟ

ಅಕ್ಕಾ,

ನಾನು ಚೆನ್ನಾಗಿದ್ದೇನೆ. ಇಲ್ಲಿ ಹೊಲದ ಬೆಳೆಯ ನಡುವೆಯೇ ಸಾಲುಸಾಲು ಮರ ಬೆಳೆಸಿದ್ದಾರೆ. ಎದೆಮಟ್ಟದಲ್ಲಿ ಟೇಪು ಸುತ್ತಿ ಅವುಗಳ ದಪ್ಪ ಬರೆದುಕೊಳ್ಳುವುದು ನಮ್ಮ ಕೆಲಸ. ಮರಗಳು ಗಾಳಿಯಿಂದ ಎಷ್ಟು ಇಂಗಾಲ ಹಿಡಿದಿಟ್ಟಿವೆ ಎಂದು ಅದರಿಂದ ಲೆಕ್ಕ ಹಾಕುತ್ತಾರೆ. ಇವತ್ತು ನನ್ನ ನಲವತ್ತು ಮರಗಳಲ್ಲೇ ಎಲ್ಲರಿಗಿಂತ ಹೆಚ್ಚು ಇಂಗಾಲ ಬಂತು! ಸೂಪರ್‌ವೈಸರ್ ಎಲ್ಲರೆದುರು ಶಹಬ್ಬಾಸ್ ಅಂದರು.

ಇಷ್ಟು ಬರೆದು ಊಟಕ್ಕೆ ಹೋಗಿದ್ದೆ. ಬಂದರೆ ಅದೇ ಸೂಪರ್‌ವೈಸರ್ ಅಳತೆಕೋಲು ಹಿಡಿದು ನಿಂತಿದ್ದಾರೆ. "ಎದೆಮಟ್ಟ ಅಂದ್ರೆ ನಿನ್ನ ಎದೆ ಅಲ್ಲಮ್ಮ, ಈ ಕೋಲಿನ ತುದಿ!" ಪಕ್ಕದಲ್ಲಿ ನಿಲ್ಲಿಸಿದರೆ ಕೋಲು ನನ್ನ ಗದ್ದಕ್ಕೆ ಬಂತು. ನಾನು ಒಂದು ಗೇಣು ಕೆಳಗೆ, ಕಾಂಡ ದಪ್ಪಗಿರುವಲ್ಲಿ ಅಳೆದಿದ್ದೆ. ನಲವತ್ತನ್ನೂ ಮತ್ತೆ ಅಳೆಯಬೇಕಂತೆ. ಜೊತೆಯವರೆಲ್ಲ ಬಿದ್ದು ಬಿದ್ದು ನಕ್ಕರು.

ನಿನಗಾದರೆ ಆ ಕೋಲು ಸರಿಯಾಗಿ ಎದೆಗೇ ಬರುತ್ತಿತ್ತು. ಚಿಕ್ಕಂದಿನಲ್ಲಿ ಅಟ್ಟದ ಮೇಲಿನ ಡಬ್ಬಿ ಎಟುಕುತ್ತಿದ್ದದ್ದು ನಿನಗೆ, ಹೊಸ ಲಂಗ ಹೊಲಿಸುತ್ತಿದ್ದದ್ದು ನಿನಗೆ. ಅದು ಹಳತಾದ ಮೇಲೆ ಅಂಚು ಮಡಿಸಿ ಹೊಲಿದು ಕೊಡುತ್ತಿದ್ದದ್ದು ನನಗೆ. ಈಗ ನೋಡಿದರೆ ಇಲ್ಲಿನ ಮರಗಳೂ ನಿನ್ನ ಅಳತೆಗೇ! ಹೊಟ್ಟೆ ಉರಿಯುತ್ತಿದೆ ಕಣೇ.

ಭುಜದ ನೋವು ಕಡಿಮೆಯಾಗಿದೆ. ನೀನು ಕಟ್ಟಿಕೊಟ್ಟ ಎಣ್ಣೆಯನ್ನೇ ಹಚ್ಚುತ್ತಿದ್ದೇನೆ, ಅದನ್ನೇ ದೊಡ್ಡ ವಿಷಯ ಮಾಡಬೇಡ.

ಕಾರ್ಡಿನಲ್ಲಿ ಜಾಗ ಮುಗಿಯಿತು, ಮರಗಳು ಕಾಯುತ್ತಿವೆ. ಅಮ್ಮನಿಗೆ ಕಾರ್ಡ್ ಓದಿ ಹೇಳುವವಳು ನೀನೇ ತಾನೆ? ಶಹಬ್ಬಾಸ್ ಅನ್ನುವಲ್ಲಿಗೆ ನಿಲ್ಲಿಸಿಬಿಡು.

ನಿನ್ನ ಕುಳ್ಳಿ