ಸೊನ್ನೆಯ ಪಕ್ಕದ ಹಸಿರು ಚುಕ್ಕೆ

15 ಸೆಪ್ಟೆಂಬರ್ 2025, ಸೋಮವಾರ. ಸವಣೂರು

ಇವತ್ತೂ ಕರೆಂಟ್ ಬಂದದ್ದು ಹನ್ನೊಂದಕ್ಕೆ. ಅಷ್ಟರೊಳಗೆ ಎರಡು ಸಲ ಚಹಾ, ಒಂದು ಸಲ ಅಮ್ಮಿಯ ಬೈಗುಳ. ಮೂವತ್ತು ದಾಟಿದ ಮಗಳು ಲ್ಯಾಪ್‌ಟಾಪ್ ಮುಂದೆ ಕೂತು ಒಬ್ಬಳೇ ನಗುತ್ತಾಳೆ ಅಂತ ಓಣಿಗೆಲ್ಲ ಸುದ್ದಿ. ಹಬ್ಬಿಸುವವಳೂ ಅಮ್ಮಿಯೇ.

ನಕ್ಕದ್ದು ನಿಜ. ಹಾನಗಲ್ಲಿನ ಗೋದಾಮಿನ ಪುಟ ಕೊನೆಗೂ ಚೆಂದ ಆಯಿತು. ತಿಳವಳ್ಳಿ ರಸ್ತೆಯ ಆ ಖಾಸಗಿ ಗೋದಾಮಿನಲ್ಲಿ ಗೋವಿನಜೋಳಕ್ಕೆ ಹುಳ ಹತ್ತಬಾರದೆಂದು ಚೀಲಗಳ ನಡುವೆ ಮಾತ್ರೆ ಇಡುತ್ತಾರೆ. ಮಾತ್ರೆ ಗಾಳಿಯ ತೇವ ಕುಡಿದು ವಿಷದ ಗ್ಯಾಸ್ ಬಿಡುತ್ತದೆ. ಒಳಗೆ ಸೆನ್ಸರ್‌ಗಳಿವೆ. ಅವು ಹೇಳಿದ್ದನ್ನು ನನ್ನ ಪುಟ ಆಫೀಸಿನ ಪರದೆ ಮೇಲೆ ಒಂದು ದೊಡ್ಡ ಅಂಕಿಯಾಗಿ ತೋರಿಸುತ್ತದೆ. ಸೊನ್ನೆ ಇದ್ದರೆ ಒಳಗೆ ಹೋಗಬಹುದು. ಇಲ್ಲದಿದ್ದರೆ ಹೋಗಬಾರದು. ಹೋಗುವವನು ಇನಾಯತ. ನನ್ನ ಅಣ್ಣ. ಮಾತ್ರೆ ಇಡುವವನೂ ಅವನೇ, ತೆಗೆಯುವವನೂ ಅವನೇ.

ಅಂಕಿಯ ಪಕ್ಕ ಒಂದು ಹಸಿರು ಚುಕ್ಕೆ ಇಟ್ಟೆ. ಉಸಿರಾಡಿದ ಹಾಗೆ — ದೊಡ್ಡದು, ಸಣ್ಣದು, ದೊಡ್ಡದು. ಯಾರೂ ಕೇಳಿರಲಿಲ್ಲ. ಚೆಂದಕ್ಕೆ. ಇನಾಯತನಿಗೆ ತೋರಿಸಿದೆ.

“ಇದು ಬಡ್ಯಾಕತ್ತೈತಿ ಅಂದ್ರ ಒಳಗ ಎಲ್ಲಾ ನಡದೈತಿ ಅಂತೇನು?”

ಹೌದು ಅಂದೆ. ಮಾತು ಮುಗಿಸಬೇಕಿತ್ತು. ಊಟದ ಹೊತ್ತು.

18 ಸೆಪ್ಟೆಂಬರ್, ಗುರುವಾರ

ಗೋದಾಮಿನ ಶಟರ್ ಎತ್ತಿ ಗಾಳಿಗೆ ಬಿಟ್ಟರಂತೆ. ಸಂಜೆಗೆ ಸೊನ್ನೆ. ಇನಾಯತ ಒಳಗೆ ಹೋಗಿ ಬಂದ. ಪುಟ ಸರಿಯಾಗಿ ತೋರಿಸಿತು ಅಂತ ಫೋನ್ ಮಾಡಿದ. ಮಾತ್ರೆಯ ಬೂದಿ ಮಾತ್ರ ಇನ್ನೂ ಚೀಲಗಳ ನಡುವೆ ಉಳಿದಿದೆಯಂತೆ. ಲಾರಿ ಬಂದಾಗ ತೆಗೆಯುತ್ತಾನಂತೆ. ಸೋಮಾರಿ.

22 ಸೆಪ್ಟೆಂಬರ್, ಸೋಮವಾರ

ಗುಡ್ಡಪ್ಪನ ಫೋನ್. ಗೋದಾಮಿನ ಮ್ಯಾನೇಜರ್, ಹಿರೇಕೆರೂರಿನವನು. ಒಳ್ಳೆಯ ಮನುಷ್ಯ, ಆದರೆ ಸ್ಟೇಪ್ಲರಿಗೂ ಕುಂಕುಮ ಹಚ್ಚುವವನು. ಇವತ್ತು ಘಟ್ಟ ಹಾಕಿದ್ದಾನೆ, ನವರಾತ್ರಿಯ ಘಟಸ್ಥಾಪನೆ. ದಸರೆಯ ದೀಪ ಹಚ್ಚಿ, ಕಂಪ್ಯೂಟರನ್ನೂ ಮೈ ಒರೆಸಿ ಹೊಸದಾಗಿ ಚಾಲೂ ಮಾಡಿ, ನನ್ನ ಪುಟ ತೆರೆದು, ಪರದೆಗೆ ಚೆಂಡುಹೂವಿನ ಹಾರ ಹಾಕಿದ್ದಾನೆ. ವಾಟ್ಸಾಪಿನಲ್ಲಿ ಫೋಟೊ ಬಂತು. ಸೊನ್ನೆ. ಮೂಲೆಯಲ್ಲಿ ಅರಿಶಿನ-ಕುಂಕುಮ. ಕೆಳಗೆ ‘ಶುಭೋದಯ’.

ಅಮ್ಮಿಗೆ ತೋರಿಸಿದೆ. “ಮಗಳು ಮಾಡಿದ್ದಕ್ಕ ಪೂಜಿ ಆಗಾಕತ್ತೈತಿ, ಮಗಳಿಗೆ ಗಂಡು ಸಿಗವಲ್ದು,” ಅಂದಳು.

25 ಸೆಪ್ಟೆಂಬರ್, ಗುರುವಾರ. ಮಧ್ಯಾಹ್ನ

ತಪ್ಪು ಸಿಕ್ಕಿದೆ. ಸಣ್ಣದಲ್ಲ.

ಅದೇ ಪುಟ ನನ್ನ ಲ್ಯಾಪ್‌ಟಾಪಿನಲ್ಲೂ ಮೊನ್ನೆಯಿಂದ ತೆರೆದೇ ಇತ್ತು. ಮುಂಜಾನೆ ನೋಡಿದರೆ ಫ್ಯಾನ್ ಬೊಬ್ಬೆ ಹಾಕುತ್ತಿದೆ. ಮೆಮೊರಿಯ ಅರ್ಧಕ್ಕಿಂತ ಹೆಚ್ಚು ಈ ಒಂದು ಪುಟವೇ ನುಂಗಿದೆ.

ಬರೆದಿಡುತ್ತೇನೆ, ಬರೆದರೆ ತಲೆ ನಿಲ್ಲುತ್ತದೆ. ಬ್ರೌಸರಿನೊಳಗೆ ಪುಟ ಒಂದು ಕಡೆ, ಸ್ಕ್ರಿಪ್ಟ್ ಒಂದು ಕಡೆ. ಪುಟದ ಪ್ರತಿ ಸಾಲೂ ಮೆಮೊರಿಯಲ್ಲಿ ಒಂದು ವಸ್ತು. ಸ್ಕ್ರಿಪ್ಟ್ ಅದನ್ನು ಮುಟ್ಟಬೇಕೆಂದರೆ ಅದಕ್ಕೊಂದು ಹಿಡಿಕೆ ಮಾಡಿಕೊಳ್ಳುತ್ತದೆ. ಹಳೆಯ ರೀಡಿಂಗಿನ ಸಾಲನ್ನು ನಾನು ಪುಟದಿಂದ ತೆಗೆಯುತ್ತೇನೆ. ಕಣ್ಣಿನ ಮಟ್ಟಿಗೆ ಅದು ಹೋಯಿತು. ಆದರೆ ಸ್ಕ್ರಿಪ್ಟ್ ಹಿಡಿಕೆ ಬಿಟ್ಟಿಲ್ಲ. ಹಿಡಿದವರು ಇರುವ ತನಕ ಬ್ರೌಸರ್ ಅದನ್ನು ಎಸೆಯುವುದಿಲ್ಲ. ಪರದೆ ಮೇಲೆ ಹತ್ತೇ ಸಾಲು ಕಾಣುತ್ತವೆ. ಹಿಂದೆ ಲಕ್ಷಗಟ್ಟಲೆ ನಿಂತಿವೆ. ಹೆಣ ಹೊರಗೆ ಒಯ್ಯದ ಮನೆಯ ಹಾಗೆ.

ತುಂಬಿತು ಅನ್ನೋಣ. ಆಗ ಬ್ರೌಸರ್ ಕಸ ಹುಡುಕಲು ಕೂರುತ್ತದೆ. ಕಸ ಅಂತ ಏನೂ ಸಿಗುವುದಿಲ್ಲ, ಎಲ್ಲದಕ್ಕೂ ಹಿಡಿಕೆ ಇದೆಯಲ್ಲ. ಮತ್ತೆ ಹುಡುಕುತ್ತದೆ. ಮತ್ತೆ. ಸ್ಕ್ರಿಪ್ಟ್ ಓಡಿಸುವುದಕ್ಕೂ ಪರದೆ ಮೇಲೆ ಹೊಸ ಅಂಕಿ ಬರೆಯುವುದಕ್ಕೂ ಒಬ್ಬನೇ ಆಳು. ಅವನು ಹುಡುಕಾಟದಲ್ಲಿ ಸಿಕ್ಕಿಕೊಂಡರೆ ಕೊನೆಗೆ ಬರೆದದ್ದೇ ಉಳಿಯುತ್ತದೆ. ಗ್ಯಾಸ್ ಏರಿದರೆ ಸೈರನ್ ಕೂಗಿಸುವವನೂ ಅವನೇ.

ಸಂಜೆ

ನನ್ನ ಲ್ಯಾಪ್‌ಟಾಪಿನಲ್ಲಿ ಆ ಆಳನ್ನು ಬೇಕೆಂದೇ ಸಿಕ್ಕಿಸಿ ನೋಡಿದೆ. ಅಂಕಿ ನಿಂತಿತು. ಚುಕ್ಕೆ ನಿಲ್ಲಲಿಲ್ಲ.

ದೊಡ್ಡದು, ಸಣ್ಣದು, ದೊಡ್ಡದು... ಚುಕ್ಕೆಯ ಕೆಲಸ ಬೇರೆ ಆಳಿನದು. ಬ್ರೌಸರ್ ಅದನ್ನು ಒಮ್ಮೆ ಚಿತ್ರ ಮಾಡಿ ಪಕ್ಕದವನ ಕೈಗೆ ಕೊಟ್ಟುಬಿಟ್ಟಿರುತ್ತದೆ. ಇತ್ತ ಸ್ಕ್ರಿಪ್ಟ್ ಉಸಿರು ಕಟ್ಟಿ ಬಿದ್ದರೂ ಅವನಿಗೆ ಸುದ್ದಿಯಿಲ್ಲ. ಕುಣಿಸುತ್ತಲೇ ಇರುತ್ತಾನೆ. ಪುಟ ಉತ್ತರ ಕೊಡುತ್ತಿಲ್ಲ ಅಂತ ಬ್ರೌಸರ್ ತಾನಾಗಿ ಹೇಳುವುದೂ ಇಲ್ಲ — ಯಾರಾದರೂ ಕೀ ಒತ್ತಿದರೆ, ಮೌಸ್ ಒತ್ತಿದರೆ ಮಾತ್ರ. ಘಟ್ಟ ಹಾಕಿದ ಕಂಪ್ಯೂಟರನ್ನು ಯಾರು ಮುಟ್ಟುತ್ತಾರೆ?

ನನಗೆ ಭಯ ಆಯಿತು. ಬರೆಯಲು ನಾಚಿಕೆ ಏನು.

ಸರಿಪಡಿಸಿದ ಪುಟವನ್ನು ಸರ್ವರಿಗೆ ಹಾಕಿದೆ. ಆದರೆ ಅಲ್ಲಿ ತೆರೆದಿರುವುದು ಹಳೆಯದು. ಒಂದು ಸಲ ರಿಫ್ರೆಶ್ ಮಾಡಿದರೆ ಸಾಕು. ಗುಡ್ಡಪ್ಪನಿಗೆ ಫೋನ್ ಮಾಡಿದೆ.

“ಮೇಡಂ, ನೀವಂದ್ರ ನಮಗ ಗೌರವ ಐತ್ರಿ. ಆದ್ರ ಘಟ್ಟಾ ಹಾಕೇವಿ. ಆಯುಧಕ್ಕ ಖಂಡೇಪೂಜಿ ಆಗೂ ತನಕ ದೀಪಾ ಆರಬಾರದು. ದೀಪಾನೂ ಅಷ್ಟ, ಈ ಪೆಟಗಿನೂ ಅಷ್ಟ.”

“ಆರಂಗಿಲ್ರಿ. ಒಂದ ಸಲ ಮಿಟುಕಿ ಮತ್ತ ಬರತೈತಿ.”

“ಮಿಟುಕೋದಂದ್ರ ಆರೋದ ಅಲ್ಲೇನ್ರಿ?”

ಹುಬ್ಬಳ್ಳಿಯಲ್ಲಿರುವ ಗೋದಾಮಿನ ಮಾಲಕರಿಗೆ ಮೆಸೇಜ್ ಹಾಕಿದೆ. ‘ಹಬ್ಬ ಮುಗೀಲಿ’ ಅಂತ ಎರಡು ಶಬ್ದ, ಒಂದು ಕೈಮುಗಿದ ಚಿತ್ರ. ಇವರ ಜೊತೆ ಜಗಳ ಆಡುವುದೂ ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

27 ಸೆಪ್ಟೆಂಬರ್, ಶನಿವಾರ

ಮಳೆ. ನಿನ್ನೆಯಿಂದ ಬಿಟ್ಟಿಲ್ಲ. ಗೋದಾಮಿನ ಶಟರ್‌ಗಳನ್ನೆಲ್ಲ ಇಳಿಸಿದ್ದಾರಂತೆ, ಚೀಲ ತೋಯಬಾರದಲ್ಲ.

ಪುಟವನ್ನು ನನ್ನ ಫೋನಿನಲ್ಲಿ ತೆರೆದು ನೋಡಿದೆ. ಸೊನ್ನೆ. ಗುಡ್ಡಪ್ಪನ ಇವತ್ತಿನ ಫೋಟೊದಲ್ಲೂ ಸೊನ್ನೆ. ತಾಳೆ ಆಯಿತು. ಜೀವ ಬಂತು.

ಇನಾಯತನಿಗೆ ಮಾತ್ರ ಹೇಳಿದೆ — ಒಳಗೆ ಹೋಗುವ ಮುಂಚೆ ನನಗೆ ಫೋನ್ ಮಾಡು, ಆ ಪರದೆ ನಂಬಬೇಡ.

“ನಿನಗ ಫೋನ್ ಮಾಡಿ ಒಳಗ ಹೋಗಬೇಕಂದ್ರ ಮಂದಿ ನಗ್ತಾರ ಮಾಹೀ. ತಂಗಿ ಪರ್ಮಿಶನ್ ಕೊಡವಲ್ಲಳು ಅಂತ.”

“ನಗಲಿ ಬಿಡು.”

“ಆತ ಬಿಡು, ಮಾಡ್ತೇನಿ.”

ಗಂಟಲು ಕೆರೆಯುತ್ತಿದೆ.

30 ಸೆಪ್ಟೆಂಬರ್, ಮಂಗಳವಾರ

ಮೂರು ದಿನ ಜ್ವರ. ಫೋನ್ ಎಲ್ಲಿತ್ತೋ, ನಾನೆಲ್ಲಿದ್ದೆನೋ. ಇವತ್ತು ಎದ್ದು ಕೂತು ಗಂಜಿ ಕುಡಿದೆ.

ಗುಡ್ಡಪ್ಪನ ಶುಭೋದಯಗಳು ಸಾಲಾಗಿ ಬಂದಿವೆ. ಎಲ್ಲದರಲ್ಲೂ ಸೊನ್ನೆ. ಜೊತೆಗೆ ಒಂದು ವಾಯ್ಸ್ ಮೆಸೇಜ್, ಸಿಟ್ಟಿನದು.

“ಮೇಡಂ, ನಿಮ್ಮ ಅಣ್ಣಗ ಒಂದ ಮಾತ ಹೇಳ್ರಿ. ಘಟ್ಟದಾಗ ನಾವು ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟಂಗಿಲ್ಲ, ಅವಗೂ ಗೊತ್ತೈತಿ. ನಿನ್ನಿಯಿಂದ ಆಫೀಸ ತುಂಬ ಬಳ್ಳೊಳ್ಳಿ ನಾತ. ಊಟದ ಡಬ್ಬಿ ಹೊರಗ ಇಡ್ರಿ ಅಂದ್ರ, ಅವನೂ ಹಮಾಲರೂ ನಾವ ತಂದೇ ಇಲ್ಲ ಅಂತಾರ.”

ಸಿಟ್ಟು ಬಂತು. ಹಬ್ಬ ಅವನದು, ಡಬ್ಬಿ ನಮ್ಮದು, ಬೈಗುಳವೂ ನಮಗೇ. ಸಂಜೆ ಇನಾಯತ ಬಂದಾಗ ಕೇಳಿಸಿದೆ. ಅವನು ನಗಲಿಲ್ಲ.

“ಬದನಿಕಾಯಿ ಒಯ್ದಿದ್ದೆ. ಎಲ್ಲಿ ಬಳ್ಳೊಳ್ಳಿ? ಕೋವಿಡ್ ಆದಾಗಿಂದ ನನಗಂತೂ ಯಾವ ನಾತಾನೂ ಬರಂಗಿಲ್ಲ.”

ಎರಡು ತುತ್ತು ತಿಂದು ತಟ್ಟೆ ಸರಿಸಿದ. ತಲೆ ಸಿಡಿಯುತ್ತಿದೆಯಂತೆ. ಹೊಟ್ಟೆ ತೊಳಸುತ್ತಿದೆಯಂತೆ. ಗೋದಾಮಿಗೆ ಹತ್ತಿದ ಕೋಣೆಯಲ್ಲಿ ದಿನವೆಲ್ಲ ಚೀಲ ಹೊಲಿಸುತ್ತಿದ್ದನಂತೆ. ನನ್ನ ಜ್ವರವೇ ಅವನಿಗೆ ಹತ್ತಿದೆ ಅಂತ ಅಮ್ಮಿ ನನ್ನನ್ನು ಬೈದಳು. ನಾಳೆ ರಜೆ ಹಾಕು ಅಂದೆ.

“ನಾಳಿ ಖಂಡೇಪೂಜಿ. ತಕ್ಕಡಿ, ಹೊಲಿಗಿ ಮಶೀನ್ ಎಲ್ಲಾ ತೊಳದ ಇಡಬೇಕು. ನಾ ಇಲ್ಲಂದ್ರ ಗುಡ್ಡಪ್ಪಗ ಪೂಜಿ ನಡ್ಯಂಗಿಲ್ಲ.”

ಹೇಳುವಾಗ ಸ್ವಲ್ಪ ಹೆಮ್ಮೆ ಇತ್ತು. ಪ್ರತಿ ವರ್ಷ ಮೊದಲ ಬುಂದೆ ಉಂಡೆ ಅವನಿಗೇ ಕೊಡುತ್ತಾನಂತೆ ಗುಡ್ಡಪ್ಪ.

1 ಅಕ್ಟೋಬರ್, ಬುಧವಾರ. 10.50

ಇನಾಯತ ಏಳಕ್ಕೇ ಬೈಕ್ ಹತ್ತಿದ. ನಾನು ಎದ್ದಿರಲಿಲ್ಲ.

ಈಗ ಫೋಟೊ ಬಂತು. ಸೊನ್ನೆ. ಹಾರದ ಹೂವು ಬಾಡಿ ಕೆಳಗೆ ಜಾರಿದೆ. ಇಷ್ಟು ದಿನ ಹೂವಿನ ಹಿಂದೆ ಇದ್ದ ಸಣ್ಣ ಸಾಲು ಇವತ್ತು ಕಾಣುತ್ತಿದೆ. ಕೊನೆಯ ರೀಡಿಂಗ್ ಬಂದ ಸಮಯ. ನಾನೇ ಬರೆದ ಸಾಲು.

28 ಸೆಪ್ಟೆಂಬರ್, ಸಂಜೆ.

ಮೂರು ದಿನದ ಹಿಂದಿನ ಸೊನ್ನೆ.

ಫೋನಿನಲ್ಲಿ ಹೊಸದಾಗಿ ತೆರೆದೆ. ಪಾಸ್‌ವರ್ಡ್ ಎರಡು ಸಲ ತಪ್ಪಿತು. ಬಂತು — 212. ಒಂದು ದಾಟಿದರೇ ಒಳಗೆ ಕಾಲಿಡಬಾರದು.

ಮಾತ್ರೆಯ ಬೂದಿ. ಒಳಗೆ ಜೀವ ಉಳಿದಿತ್ತು. ಮಳೆಯ ತೇವ, ಮುಚ್ಚಿದ ಶಟರ್. ಮತ್ತೆ ಗ್ಯಾಸ್ ಎದ್ದಿದೆ. ಆ ಮಾತ್ರೆಯ ಡಬ್ಬಿ ಮೇಲೆ ಬರೆದಿರುತ್ತದೆ, ನಾನೇ ಓದಿದ್ದೇನೆ: ಬೆಳ್ಳುಳ್ಳಿಯ ವಾಸನೆ ಬಂದರೆ ಹೊರಗೆ ಓಡಿ. ಗುಡ್ಡಪ್ಪ ಎರಡು ದಿನದಿಂದ ಊಟದ ಡಬ್ಬಿ ಹುಡುಕುತ್ತಿದ್ದಾನೆ. ಇನಾಯತನ ತಲೆನೋವು. ಯಾ ಅಲ್ಲಾ.

ಇನಾಯತನ ಫೋನ್ ರಿಂಗ್ ಆಗುತ್ತಿದೆ. ಎತ್ತುತ್ತಿಲ್ಲ.

11.35. ಬಸ್ಸಿನಲ್ಲಿ

ಬಂಕಾಪುರದ ತನಕ ಆಟೊ, ಅಲ್ಲಿಂದ ಹಾನಗಲ್ ಬಸ್ಸು. ಅಮ್ಮಿಗೆ ಏನೂ ಹೇಳಿಲ್ಲ, ಔಷಧಿ ತರುತ್ತೇನೆ ಅಂದೆ. ಕೈ ಸುಮ್ಮನಿದ್ದರೆ ಹುಚ್ಚು ಹಿಡಿಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಅಕ್ಷರ ಕುಣಿಯುತ್ತಿವೆ.

ಆಟೊದಲ್ಲಿದ್ದಾಗ ಗುಡ್ಡಪ್ಪ ಕೊನೆಗೂ ಫೋನಿಗೆ ಸಿಕ್ಕ. ಹಿಂದೆ ಗಂಟೆಯ ಸದ್ದು.

“ಇಲ್ಲಿ ಸೊನ್ನಿ ಐತಲ್ರಿ ಮೇಡಂ. ಚುಕ್ಕಿನೂ ಬಡ್ಯಾಕತ್ತೈತಿ.”

“ಒಂದ ಕೀ ಒತ್ರಿ. ಯಾವದಾರ ಒತ್ರಿ.”

“ಸಂಜಿಕ ಘಟ್ಟಾ ಇಳಸ್ತೇವ್ರಿ, ಆಮ್ಯಾಲ—”

“ಗುಡ್ಡಪ್ಪಣ್ಣಾ, ಆ ಬಳ್ಳೊಳ್ಳಿ ನಾತಾ ಊಟದ್ದಲ್ರಿ. ಗ್ಯಾಸಿಂದು.”

ಕೀ ಒತ್ತಿದ ಸದ್ದು. ಮತ್ತೆ ಮತ್ತೆ.

“ಏನೋ ಬಿಳಿ ಚೌಕ ಬಂತ್ರಿ. ಪುಟ ಉತ್ತರಾ ಕೊಡವಲ್ದು ಅಂತ. ಕಾಯ್ತೀರೋ, ಮುಚ್ಚತೀರೋ ಅಂತ ಕೇಳಾಕತ್ತೈತಿ.”

“ಇನಾಯತ ಎಲ್ಲದಾನ?”

“ತಕ್ಕಡಿ ತೊಳ್ಯಾಕ ಒಳಗ ಹೋಗ್ಯಾನ್ರಿ.” ಅವನ ದನಿ ಬದಲಾಗಿತ್ತು. “ಪರದಿ ನೋಡಿ, ನಾನ ಹೋಗು ಅಂದೆ. ನಿಮಗ ಫೋನ್ ಮಾಡಬೇಕು ಅಂದ. ತಂಗಿಗೆ ಜ್ವರಾ, ಮಲಗಿರ್ತಾಳ, ಬ್ಯಾಡ ಅಂತ ಮತ್ತ ಅವನ ಅಂದ.”

ಎಲ್ಲ ಶಟರ್ ಎತ್ರಿ ಅಂದೆ. ಮಾಸ್ಕ್ ಇಲ್ಲದೆ ಯಾರೂ ಒಳಗೆ ಹೋಗಬೇಡಿ ಅಂದೆ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಇನ್ನೇನು ಮಾಡಲಿ. ಎದ್ದು ಕೂತವಳು ನಿನ್ನೆ ಆ ಪುಟ ಒಂದು ಸಲ ತೆರೆದು ನೋಡಬಹುದಿತ್ತು. ಗುಡ್ಡಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳಲು ಪುರುಸೊತ್ತು ಇತ್ತು, ಅದಕ್ಕೆ ಇರಲಿಲ್ಲ.

11.50

ಪುಟ ಕೈಯಲ್ಲೇ ಇದೆ. ನಂಬಿಕೆ ಬರುತ್ತಿಲ್ಲ, ಮತ್ತೆ ಮತ್ತೆ ಹೊಸದಾಗಿ ತೆರೆಯುತ್ತೇನೆ.

208. 208. 190.

ಇಳಿಯುತ್ತಿದೆ. ಶಟರ್ ಎತ್ತಿದ್ದಾರೆ. 143. ಪಕ್ಕದ ಸೀಟಿನ ಮುದುಕಿ ನನ್ನ ಮುಖ ನೋಡಿ ನೀರಿನ ಬಾಟಲಿ ಕೊಟ್ಟಳು. 97. ನಾನು ನಗುತ್ತಿದ್ದೇನೆ, ಅಳುತ್ತಿದ್ದೇನೆ, ಯಾವುದೋ ಒಂದು.

12.10

ಗುಡ್ಡಪ್ಪನ ಫೋನ್ ಬಂತು.

“ಹೊರಗ ತಂದೇವ್ರಿ.”

“ಅವಗ ಫೋನ್ ಕೊಡ್ರಿ.”

ಗಂಟೆ ನಿಂತಿತ್ತು.

“ನೀವ್ ಬರ್ರಿ ಮೇಡಂ.”

“ಬರಾಕತ್ತೇನ್ರಿ. ಒಂದ ಮಾತ ಅವನ ಕೂಡ—”

“ಅವ್ವಾರನ್ನೂ ಕರಕೊಂಡ ಬರ್ರಿ.”

ನಮ್ಮ ಕಡೆ ಇಂಥ ಸುದ್ದಿ ಯಾರೂ ಫೋನಿನಲ್ಲಿ ಹೇಳುವುದಿಲ್ಲ. ಬರ್ರಿ ಅನ್ನುತ್ತಾರೆ, ಅಷ್ಟೆ. ಪುಟದಲ್ಲಿ ಈಗ ಸೊನ್ನೆ. ನಿಜವಾದದ್ದು. ಅಮ್ಮಿ ಮನೆಯಲ್ಲಿ ಔಷಧಿಗೆ ಕಾಯುತ್ತಿದ್ದಾಳೆ. ಅವಳಿಗೆ ಫೋನ್ ಮಾಡಬೇಕು. ಏನಂತ